ಸೂಜಿಮೊನೆಯಷ್ಟು ದಾರಿ

ಒಂದೇ ಅಡುಗೆಮನೆಯಲ್ಲಿ ಎರಡು ಒಲೆ ಉರಿಯಲು ಶುರುವಾಗಿ ಆರು ತಿಂಗಳಾಗಿತ್ತು. ಕಿಟಕಿಯ ಕೆಳಗಿನದು ಅತ್ತೆಯದು. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಒಂಟಿ ಉರಿಯ ಒಲೆ ಸೊಸೆಯದು. ನಡುವೆ ನಾಲ್ಕು ಹೆಜ್ಜೆ ಜಾಗ. ಆ ನಾಲ್ಕು ಹೆಜ್ಜೆಯಲ್ಲಿ ಇಬ್ಬರೂ ಎದುರಾದರೆ ಒಬ್ಬರು ಗೋಡೆಗೆ ಸರಿದು ನಿಲ್ಲುತ್ತಿದ್ದರೇ ಹೊರತು ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಅತ್ತೆ ಶಾಲೆಯಲ್ಲಿ ಮುನ್ನೂರು ಮಕ್ಕಳಿಗೆ ಮಧ್ಯಾಹ್ನದ ಅಡುಗೆ ಮಾಡುವವಳು. ತನ್ನ ಮೊಣಕೈವರೆಗೆ ಬರುವ ಸೌಟು ಹಿಡಿದು ಸಾಲಿನ ಮುಂದೆ ನಿಲ್ಲುತ್ತಿದ್ದಳಾದ್ದರಿಂದ ಮಕ್ಕಳು ಅವಳನ್ನು ಸೌಟಮ್ಮ ಎಂದರು. ಆ ಹೆಸರು ಶಾಲೆಯ ಗೇಟು ದಾಟಿ ಬೀದಿಗೆ ಬಂತು, ಬೀದಿಯಿಂದ ಮನೆಗೂ ಬಂತು. ಗಂಡ ಬಸ್ಸು ಓಡಿಸಿ ನಿವೃತ್ತನಾದವನು, ಈಗಲೂ ಎಲ್ಲರಿಗೂ ಡ್ರೈವರೇ. ಮಗ ಮನೆಗಳಿಗೆ ಬಣ್ಣ ಹೊಡೆಯುವ ಪೇಂಟರ್. ಸೊಸೆಯದು ಬೀದಿ ಬೀದಿ ತಿರುಗಿ ಕರೆಂಟಿನ ಮೀಟರ್ ಓದಿ ಬರೆದುಕೊಳ್ಳುವ ಕೆಲಸ. ಮದುವೆಯಾದ ಹೊಸದರಲ್ಲಿ ಮಾವ ತಮಾಷೆಗೆ ಮೀಟರಮ್ಮ ಎಂದು ಕರೆದಿದ್ದ, ಅವಳು ನಕ್ಕಿದ್ದಳು, ಹೆಸರು ಅಂಟಿಕೊಂಡಿತು.

ಜಗಳಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಬಸುರಾದ ಮೂರನೇ ತಿಂಗಳಲ್ಲಿ ಸೊಸೆಗೆ ತಿಂದದ್ದೆಲ್ಲ ವಾಂತಿಯಾಗುತ್ತಿತ್ತು. ಖಾರ ಸ್ವಲ್ಪ ಕಡಿಮೆ ಮಾಡಬಹುದಾ ಎಂದು ಕೇಳಿದಳು. ಮುನ್ನೂರು ಮಕ್ಕಳು ತಟ್ಟೆ ನೆಕ್ಕಿ ಏಳುತ್ತಾರೆ, ನಿನಗೊಬ್ಬಳಿಗೆ ಸೇರುವುದಿಲ್ಲವೇ ಎಂದಳು ಅತ್ತೆ. ಸೊಸೆ ಮಾತು ಬೆಳೆಸಲಿಲ್ಲ. ಮಾರನೆಯ ದಿನ ಕೆಲಸದಿಂದ ಬರುವಾಗ ಒಲೆ ಹಿಡಿದುಕೊಂಡೇ ಬಂದಳು. ಅಂದಿನಿಂದ ಪೇಂಟರ್ ಕಿಟಕಿಯ ಕೆಳಗೂ ಉಂಡು ಬಾಗಿಲ ಪಕ್ಕದಲ್ಲೂ ಉಂಡು, ಎರಡು ಕಡೆಯೂ ಚೆನ್ನಾಗಿದೆ ಎನ್ನುತ್ತ ದಪ್ಪಗಾಗುತ್ತಿದ್ದ.

ಏಳು ತಿಂಗಳು ತುಂಬುವವರೆಗೂ ಸೊಸೆ ಮೀಟರ್ ಓದುವುದನ್ನು ಬಿಡಲಿಲ್ಲ. ಸೌಟಮ್ಮನಿಗೆ ಅದೂ ಹಿಡಿಸಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಹೆಣ್ಣು ಕೂಸು ಹುಟ್ಟಿತು. ತೂಕ ಚೆನ್ನಾಗಿತ್ತು, ಅಳುವೂ ಜೋರಾಗಿತ್ತು. ಡ್ರೈವರ್ ಹೆರಿಗೆ ಆಸ್ಪತ್ರೆಯ ವಾರ್ಡಿಗೆಲ್ಲ ಬಾಳೆಹಣ್ಣು ಹಂಚಿದ. ಗುರುವಾರ ಮನೆಗೆ ಹೋಗಬಹುದು ಎಂದಿದ್ದರು. ಸೌಟಮ್ಮ ಬಟ್ಟೆ ಗಂಟು ಕಟ್ಟಿ, ಫ್ಲಾಸ್ಕು ತೊಳೆದು ಕೂತಿದ್ದಾಗ ನರ್ಸೊಬ್ಬಳು ಕೈಯಲ್ಲಿ ಸಣ್ಣ ಯಂತ್ರ ಹಿಡಿದು ಬಂದಳು. ಮನೆಗೆ ಕಳಿಸುವ ಮುಂಚೆ ಪ್ರತಿ ಕೂಸಿಗೂ ಮಾಡುವುದೇ ಎನ್ನುತ್ತ ಕೂಸಿನ ಪಾದಕ್ಕೆ ಕೆಂಪು ಬೆಳಕಿನ ಪಟ್ಟಿಯೊಂದನ್ನು ಸುತ್ತಿದಳು. ರಕ್ತದ ಆಮ್ಲಜನಕ ತೊಂಬತ್ತೈದರ ಮೇಲಿರಬೇಕಿತ್ತು, ಯಂತ್ರದಲ್ಲಿ ಎಂಬತ್ತೊಂದು ಎಂದು ಬಂತು. ನರ್ಸು ಪಟ್ಟಿ ಬಿಚ್ಚಿ ಕೈಗೆ ಸುತ್ತಿದಳು. ಎಂಬತ್ತು.

ಡ್ಯೂಟಿಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರು ದೂರದಿಂದಲೇ ನೋಡಿ, ಪಾದ ತಣ್ಣಗಿರಬೇಕು, ಯಂತ್ರ ಹಳೆಯದು ಎಂದು ಹೇಳಿ ಹೊರಟರು. ನರ್ಸು ಹೊರಡಲಿಲ್ಲ. ಕೂಸಿನ ಪಾದವನ್ನು ತನ್ನ ಎರಡೂ ಅಂಗೈಯಲ್ಲಿಟ್ಟು ಐದು ನಿಮಿಷ ಉಜ್ಜಿ ಬೆಚ್ಚಗೆ ಮಾಡಿದಳು. ಮೇಲಿನ ಮಹಡಿಗೆ ಓಡಿ ಬೇರೆ ಯಂತ್ರ ತಂದಳು. ಎಪ್ಪತ್ತೊಂಬತ್ತು. ಅವಳು ಹೋಗಿ ಡಾಕ್ಟರ ಎದುರು ನಿಂತು, ಈ ಕೂಸನ್ನು ನಾನು ಮನೆಗೆ ಕಳಿಸುವುದಿಲ್ಲ, ಬೇಕಾದರೆ ನೀವು ಬರೆದುಕೊಡಿ ಎಂದು ಹೇಳಿದ್ದು ವಾರ್ಡಿಗೆಲ್ಲ ಕೇಳಿಸಿತು. ಆಮೇಲೆ ಎಲ್ಲವೂ ಬೇಗ ಬೇಗ ಆಯಿತು. ದೊಡ್ಡ ಡಾಕ್ಟರು ಬಂದು ಎದೆಗೆ ಕೊಳವೆ ಇಟ್ಟು ತುಂಬ ಹೊತ್ತು ಕೇಳಿದರು. ಎರಡು ಗಂಟೆ ದಾರಿಯ ದೊಡ್ಡ ಊರಿನ ಹೃದಯದ ಆಸ್ಪತ್ರೆಗೆ ಫೋನು ಹೋಯಿತು. ಕೂಸಿನ ಕೈಗೆ ಸೂಜಿ ಚುಚ್ಚಿ ಔಷಧಿಯ ಹನಿ ಹಾಕಿದರು. ಆಂಬುಲೆನ್ಸು ಬಂತು.

ಹೆತ್ತು ಎರಡು ದಿನವಾದ ತಾಯಿ ಮಲಗಿರಲಿ, ತಂದೆ ಹೋದರೆ ಸಾಕು ಎಂದರು. ಮೀಟರಮ್ಮ ಚಪ್ಪಲಿ ಹುಡುಕುತ್ತಿದ್ದಳು. ಆಂಬುಲೆನ್ಸಿನ ಮೆಟ್ಟಿಲು ಹತ್ತಲಾರದೆ ಅವಳು ಬಾಗಿಲು ಹಿಡಿದು ನಿಂತಾಗ ಸೌಟಮ್ಮ ಹಿಂದಿನಿಂದ ಕೈ ಕೊಟ್ಟು ಹತ್ತಿಸಿದಳು. ಹತ್ತಿಸುತ್ತಲೇ ಅವಳ ಬಾಯಿಂದ ಆ ಮಾತು ಬಂತು.

"ಏಳು ತಿಂಗಳು ಬಿಸಿಲಲ್ಲಿ ಮೀಟರ್ ನೋಡ್ಕೊಂಡು ಅಲೆದೆ. ಹೇಳಿದ್ರೆ ಕೇಳಿದ್ಯಾ. ಈಗ ಕೂಸು ಅನುಭವಿಸ್ತಾ ಇದೆ."

ಸೊಸೆ ತಿರುಗಿ ನೋಡಿದಳು. ಬಾಗಿಲು ಮುಚ್ಚಿತು.

ಸೌಟಮ್ಮ, ಡ್ರೈವರ್ ಇಬ್ಬರೂ ಬಸ್ಸು ಹಿಡಿದು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಕೂಸು ಗಾಜಿನ ಬಾಗಿಲ ಒಳಗಿತ್ತು. ಹೃದಯದ ಡಾಕ್ಟರು ಐವತ್ತರ ಆಸುಪಾಸಿನ ಹೆಂಗಸು, ಕುಳ್ಳಗೆ, ತಲೆಗೂದಲನ್ನು ಗಂಡಸರಂತೆ ಕತ್ತರಿಸಿಕೊಂಡಿದ್ದರು. ನಾಲ್ವರನ್ನೂ ಬೆಂಚಿನ ಮೇಲೆ ಕೂರಿಸಿ, ತಾವೂ ಒಂದು ಕುರ್ಚಿ ಎಳೆದುಕೊಂಡು, ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ಹೃದಯದ ಬಲಗಡೆಯ ಕೋಣೆಯಿಂದ ಶ್ವಾಸಕೋಶಕ್ಕೆ ರಕ್ತ ಹೋಗುವ ಜಾಗದಲ್ಲೊಂದು ಬಾಗಿಲಿದೆ, ಅದಕ್ಕೆ ಮೂರು ರೆಕ್ಕೆ. ಈ ಕೂಸಿಗೆ ಹುಟ್ಟುವ ಮೊದಲೇ ಆ ರೆಕ್ಕೆಗಳು ಒಂದಕ್ಕೊಂದು ಅಂಟಿಕೊಂಡಿವೆ. ನಡುವೆ ಉಳಿದಿರುವುದು ಸೂಜಿಮೊನೆ ಹೋಗುವಷ್ಟು ದಾರಿ. ಗರ್ಭದಲ್ಲಿರುವಾಗ ರಕ್ತಕ್ಕೆ ಬೇರೊಂದು ಅಡ್ಡದಾರಿ ಇರುತ್ತದೆ, ಹುಟ್ಟಿದ ಮೇಲೆ ಕೆಲವೇ ದಿನಗಳಲ್ಲಿ ಅದು ತಾನಾಗಿ ಮುಚ್ಚಿಹೋಗುತ್ತದೆ. ಅದು ಮುಚ್ಚದಂತೆ ಔಷಧಿಯ ಹನಿ ತಡೆದು ನಿಲ್ಲಿಸಿದೆ. ಆದರೆ ಆ ಔಷಧಿಯನ್ನು ಹೆಚ್ಚು ದಿನ ಕೊಡುವಂತಿಲ್ಲ, ಕೂಸು ಉಸಿರಾಡುವುದನ್ನೇ ಮರೆಯಬಹುದು.

ಎದೆ ಕೊಯ್ಯುವುದಿಲ್ಲ ಎಂದರು ಡಾಕ್ಟರು. ತೊಡೆಯ ನರದಿಂದ ನೂಲಿನಂಥ ಕೊಳವೆಯೊಂದನ್ನು ಹೃದಯದವರೆಗೆ ತಳ್ಳಿಕೊಂಡು ಹೋಗಿ, ಅಂಟಿದ ಬಾಗಿಲ ನಡುವೆ ಪುಟ್ಟ ಬಲೂನೊಂದನ್ನು ಉಬ್ಬಿಸಿದರೆ ರೆಕ್ಕೆಗಳು ಬಿಡಿಸಿಕೊಳ್ಳುತ್ತವೆ. ನೂರರಲ್ಲಿ ಮೂರ್ನಾಲ್ಕು ಕೂಸುಗಳಿಗೆ ಒಳಗೆ ತೊಂದರೆಯಾಗಬಹುದು, ಜೀವವೂ ಹೋಗಬಹುದು. ಅದನ್ನೂ ಮುಚ್ಚಿಡಲಿಲ್ಲ. ಖರ್ಚನ್ನು ಆಸ್ಪತ್ರೆಯ ಟ್ರಸ್ಟು ನೋಡಿಕೊಳ್ಳುತ್ತದೆ, ಅದರ ಯೋಚನೆ ಬೇಡ ಎಂದು ಹೇಳಿ ಒಪ್ಪಿಗೆಯ ಹಾಳೆಯನ್ನು ಪೇಂಟರ ಮುಂದಿಟ್ಟರು.

ಅವನು ಪೆನ್ನು ತೆಗೆದುಕೊಂಡ. ಆಗ ಡ್ರೈವರ್ ಅವನ ಮೊಣಕೈ ಹಿಡಿದ.

"ಸೈನ್ ಹಾಕಬೇಡ," ಎಂದ.

ಡ್ರೈವರ್ ನೆಲ ನೋಡುತ್ತ ಮಾತಾಡಿದ. ಆ ಮಾತನ್ನು ಅವನು ಮೂವತ್ತಮೂರು ವರ್ಷದಲ್ಲಿ ಒಮ್ಮೆಯೂ ಆಡಿರಲಿಲ್ಲ. ಈ ಮಗನಿಗಿಂತ ಮುಂಚೆ ಅವರಿಗೊಂದು ಗಂಡು ಕೂಸು ಹುಟ್ಟಿತ್ತು. ಮೂರನೆಯ ದಿನ ತುಟಿ, ಉಗುರು ನೀಲಿಯಾದವು. ಆರನೆಯ ದಿನ ಆಸ್ಪತ್ರೆಗೆ ಹೊತ್ತುಕೊಂಡು ಹೋದರೆ, ನರ ಸಿಗದೆ ಮೈಯೆಲ್ಲ ಚುಚ್ಚಿದ್ದರು.

"ಮೇಜಿನ ಮೇಲೆ ಹೋಯ್ತು ಅದು. ಇವಳ ಮಡಿಲಲ್ಲಿ ಹೋಗಲಿಲ್ಲ," ಎಂದ. "ಈ ಕೂಸನ್ನಾದ್ರೂ ಮನೆಗೆ ಕೊಡಿ ಡಾಕ್ಟ್ರೇ. ಎಷ್ಟು ದಿನ ಇರುತ್ತೋ ಕೈಯಲ್ಲಿ ಇಟ್ಕೊಳ್ತೀವಿ."

ಪೇಂಟರ್ ಪೆನ್ನು ಹಿಡಿದೇ ಇದ್ದ. ಅಪ್ಪನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಆರು ತಿಂಗಳಿಂದ ಎರಡು ಕಡೆಯೂ ಉಂಡವನಿಗೆ ಒಂದು ಕಡೆ ಕೂರುವುದು ಬರಲಿಲ್ಲ. ಸೌಟಮ್ಮನಿಗೆ ಗಂಡನ ಪಕ್ಕಕ್ಕೆ ಹೋಗಬೇಕೆನಿಸಿತು, ಆದರೆ ಕೂತಲ್ಲೇ ಕೂತಳು.

ಮೀಟರಮ್ಮ ಗಂಡನ ಕೈಯಿಂದ ಪೆನ್ನು ತೆಗೆದುಕೊಂಡಳು. "ನನ್ನ ಸೈನ್ ಸಾಕಾ ಡಾಕ್ಟ್ರೇ?"

"ಸಾಕು."

ಅವಳು ಹಾಳೆಯನ್ನು ಪೂರ್ತಿ ಓದಿದಳು. ಮೂರನೆಯ ಸಾಲಿನಲ್ಲಿದ್ದ ಒಂದು ಪದದ ಅರ್ಥ ಕೇಳಿದಳು. ಬಲೂನು ಎಷ್ಟು ಹೊತ್ತು ಉಬ್ಬಿರುತ್ತದೆ, ಅಷ್ಟು ಹೊತ್ತು ರಕ್ತ ಎಲ್ಲಿಂದ ಹೋಗುತ್ತದೆ ಎಂದು ಕೇಳಿದಳು. ನಾಲ್ಕೈದು ಸೆಕೆಂಡು, ಅಷ್ಟು ಹೊತ್ತು ಆ ಬಾಗಿಲಲ್ಲಿ ಏನೂ ಹೋಗುವುದಿಲ್ಲ, ಅದಕ್ಕೇ ಕೈ ಬೇಗ ಓಡಬೇಕು ಎಂದರು ಡಾಕ್ಟರು. ಅವಳು ತಲೆಯಾಡಿಸಿ, ಸೈನ್ ಹಾಕಿ, ಪಕ್ಕದಲ್ಲಿ ಹೊತ್ತನ್ನೂ ಬರೆದಳು.

"ಮಾವ," ಎಂದಳು, "ಆಗ ದಾರಿ ಇರಲಿಲ್ಲ. ಈಗ ಇದೆ ಅಂತಿದ್ದಾರೆ. ಇದೆ ಅಂತ ಗೊತ್ತಿದ್ದೂ ನಾನು ಹೇಗೆ ಮಡಿಲಲ್ಲಿ ಇಟ್ಕೊಂಡು ಕೂರ್ಲಿ?"

ಡ್ರೈವರ್ ಎದ್ದ. ಚೀಲ ಎತ್ತಿಕೊಂಡು ಹೊರಟ. ಸಂಜೆಯ ಬಸ್ಸಿಗೆ ಊರಿಗೆ ಹೋದ ಎಂದು ಆಮೇಲೆ ತಿಳಿಯಿತು.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಕೂಸನ್ನು ಒಳಗೆ ಕರೆದೊಯ್ಯುವುದಿತ್ತು. ಒಂಬತ್ತು ಗಂಟೆಗೆ ಸೌಟಮ್ಮ ನೀರು ತರಲು ಹೋದಾಗ, ಹೃದಯದ ಡಾಕ್ಟರು ಮೆಟ್ಟಿಲ ಮೂಲೆಯಲ್ಲಿ ನಿಂತು ಬೇಯಿಸಿದ ಮೊಟ್ಟೆ ತಿನ್ನುತ್ತಿದ್ದರು. ಮುನ್ನೂರು ಮಕ್ಕಳಿಗೆ ಉಣಿಸುವವಳಿಗೆ ನಿಂತುಕೊಂಡು ತಿನ್ನುವವರನ್ನು ಕಂಡರಾಗದು. ಕೂತು ತಿನ್ನಿ ತಾಯಿ ಎಂದು ತನ್ನ ಟವೆಲ್ಲಿನಿಂದ ಮೆಟ್ಟಿಲು ಒರೆಸಿದಳು. ಡಾಕ್ಟರು ನಕ್ಕು ಕೂತರು. ಸೌಟಮ್ಮ ಹೋಗದೆ ಅಲ್ಲೇ ನಿಂತಳು.

"ಏನೋ ಕೇಳಬೇಕು ನೀವು," ಎಂದರು ಡಾಕ್ಟರು.

ಸೌಟಮ್ಮ ಕೇಳಿದಳು. ಮೊದಲ ಕೂಸು ಹೊಟ್ಟೆಯಲ್ಲಿದ್ದಾಗ ಮದುವೆ ಮನೆಗಳಲ್ಲಿ ಸೌದೆ ಒಲೆಯ ಮುಂದೆ ಅಡುಗೆ ಮಾಡಿದ್ದಳು. ಕೂಸು ಹೋದ ದಿನ ಅವಳ ಅತ್ತೆ, ಬಸುರಿಯಾಗಿದ್ದುಕೊಂಡು ಹೊಗೆ ಕುಡಿದೆ, ಕೂಸನ್ನು ನೀನೇ ನೀಲಿ ಮಾಡಿದೆ ಎಂದಿದ್ದಳು. ಆ ಮಾತು ಹೇಳಿದವಳು ಸತ್ತು ಇಪ್ಪತ್ತು ವರ್ಷವಾಗಿದೆ. ಮಾತು ಸತ್ತಿಲ್ಲ. ಅದು ನಿಜವೇ?

ಡಾಕ್ಟರು ಮೊಟ್ಟೆಯ ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟರು.

"ಆ ಕೂಸಿಗೆ ಏನಿತ್ತು ಅಂತ ನಾನು ನೋಡಿಲ್ಲಮ್ಮ, ಸುಳ್ಳು ಹೇಳಲ್ಲ. ಇದೇ ಇರಬಹುದು, ಬೇರೆ ಏನಾದ್ರೂ ಇರಬಹುದು. ಆದ್ರೆ ಈ ಬಾಗಿಲುಗಳು ತಯಾರಾಗೋದು ಬಸುರಾದ ಎರಡನೇ ತಿಂಗಳಲ್ಲಿ. ಎಷ್ಟೋ ಜನಕ್ಕೆ ಆಗ ತಾವು ಬಸುರಿ ಅಂತಾನೇ ಸರಿಯಾಗಿ ಗೊತ್ತಿರಲ್ಲ. ನೀವು ಒಲೆ ಮುಂದೆ ಕೂತಿದ್ದಕ್ಕೆ ಅದು ಹೋಗಲಿಲ್ಲ. ನಿಮ್ಮ ಸೊಸೆ ಬಿಸಿಲಲ್ಲಿ ನಡೆದಿದ್ದಕ್ಕೆ ಇದಕ್ಕೆ ಹೀಗಾಗಲಿಲ್ಲ."

ಸೊಸೆಯ ಬಿಸಿಲಿನ ಮಾತು ಡಾಕ್ಟರಿಗೆ ಹೇಗೆ ಗೊತ್ತಾಯಿತು ಎಂದು ಸೌಟಮ್ಮ ಕೇಳಲಿಲ್ಲ. ಸೊಸೆಯೂ ತನಗಿಂತ ಮೊದಲು ಬಂದು ಇದನ್ನೇ ಕೇಳಿಹೋಗಿದ್ದಾಳೆ ಎಂಬುದು ಅವಳಿಗೆ ಅರ್ಥವಾಯಿತು. ನೀರಿನ ಕೊಡವನ್ನು ಅಲ್ಲೇ ಮರೆತು ಹೊರಟಳು.

ತಾಯಂದಿರ ಕೋಣೆಯಲ್ಲಿ ಮೀಟರಮ್ಮ ಗೋಡೆಗೆ ಒರಗಿ ಕೂತು, ಎದೆಹಾಲನ್ನು ಪಂಪಿನಿಂದ ಬಾಟಲಿಗೆ ತೆಗೆಯುತ್ತಿದ್ದಳು. ಕೂಸಿಗೆ ಈಗ ಕೊಡುವಂತಿಲ್ಲ, ಆದರೆ ತೆಗೆಯದಿದ್ದರೆ ಹಾಲು ಬತ್ತಿಹೋಗುತ್ತದೆ ಎಂದು ನರ್ಸು ಹೇಳಿದ್ದಳಂತೆ. ಮೂರು ಗಂಟೆಗೊಮ್ಮೆ ತೆಗೆದು, ಬಾಟಲಿಯ ಮೇಲೆ ಹೊತ್ತು ಬರೆದು ಫ್ರಿಜ್ಜಿನಲ್ಲಿಡುತ್ತಿದ್ದಳು. ಕಣ್ಣ ಸುತ್ತ ಕಪ್ಪಗಾಗಿತ್ತು. ಸೌಟಮ್ಮ ಅವಳ ಎದುರು ನೆಲದ ಮೇಲೆ ಕೂತಳು.

"ನನ್ನ ಅತ್ತೆ ನಂಗೆ ಹೇಳಿದ ಮಾತನ್ನೇ ನಾನು ನಿಂಗೆ ಹೇಳಿಬಿಟ್ಟೆ," ಎಂದಳು. "ಅದು ಹೇಗೆ ಚುಚ್ಚುತ್ತೆ ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ. ತಪ್ಪಾಯ್ತು ಕಣಮ್ಮ."

ಮೀಟರಮ್ಮ ಪಂಪು ನಿಲ್ಲಿಸಲಿಲ್ಲ. "ಆಂಬುಲೆನ್ಸಲ್ಲಿ ಎರಡು ಗಂಟೆ ಆ ಮಾತೇ ಕಿವೀಲಿತ್ತು ಅತ್ತೆ," ಎಂದಳು. "ಅದು ಅಷ್ಟು ಬೇಗ ಹೋಗಲ್ಲ."

"ಹೋಗಲ್ಲ. ನಂಗೊತ್ತು."

"ಈ ಬಾಟಲಿ ಹಿಡ್ಕೊಳ್ಳಿ," ಎಂದಳು ಸೊಸೆ, "ನನ್ನ ಕೈ ಸೋತುಹೋಗಿದೆ." ಸೌಟಮ್ಮ ಹಿಡಿದುಕೊಂಡಳು.

ಹತ್ತು ಗಂಟೆಗೆ ಕೂಸು ಒಳಗೆ ಹೋಯಿತು. ಪೇಂಟರ್ ನಿಂತ, ಕೂತ, ಗೋಡೆಯ ಬಣ್ಣ ಸುಲಿದ ಜಾಗವನ್ನು ಉಗುರಿನಿಂದ ಕೆರೆದ. ಹನ್ನೊಂದಾಯಿತು. ಹನ್ನೊಂದೂವರೆಗೆ ಒಳಗಿನಿಂದ ಬಂದ ಟೆಕ್ನಿಷಿಯನ್ ಒಬ್ಬ ಯಾರ ಮುಖವನ್ನೂ ನೋಡದೆ ಕಪಾಟಿನಿಂದ ಏನೋ ತೆಗೆದುಕೊಂಡು ವಾಪಸು ಓಡಿದ. ಸೌಟಮ್ಮ ಬಾಗಿಲ ಕಡೆಗೆ ಬಾಗಿ ನೋಡಿದಳು. ಸೊಸೆ ಮಾತ್ರ ಗಡಿಯಾರ ನೋಡುತ್ತ ಅಲುಗಾಡದೆ ಕೂತಿದ್ದಳು, ಅವಳ ಕೈ ಅತ್ತೆಯ ಸೆರಗಿನ ತುದಿಯನ್ನು ಮುದ್ದೆ ಮಾಡಿ ಹಿಡಿದಿರುವುದು ಅವಳಿಗೇ ಗೊತ್ತಿರಲಿಲ್ಲ.

ಹನ್ನೆರಡು ಹತ್ತಕ್ಕೆ ಡಾಕ್ಟರು ಬಂದರು. ಬಾಗಿಲು ತೆರೆದಿದೆ ಎಂದರು ಮೊದಲು. ಆಮೇಲೆ ಗೋಡೆಗೊರಗಿ ನಿಂತು ಉಳಿದದ್ದನ್ನು ಹೇಳಿದರು. ಕೂದಲೆಳೆಯಂಥ ತಂತಿಯನ್ನು ಆ ಸೂಜಿಮೊನೆಯಷ್ಟು ದಾರಿಯಲ್ಲಿ ತೂರಿಸಲಿಕ್ಕೇ ಐವತ್ತು ನಿಮಿಷ ಹಿಡಿದಿತ್ತು. ಬಡಿಯುವ ಹೃದಯದೊಳಗೆ, ಪರದೆಯ ಮೇಲಿನ ನೆರಳು ನೋಡಿಕೊಂಡು, ತಂತಿಯ ತುದಿಯನ್ನು ಸಾಸಿವೆಯಷ್ಟು ಅತ್ತ, ಸಾಸಿವೆಯಷ್ಟು ಇತ್ತ ತಿರುಗಿಸುತ್ತ ಕಾದರು. ಬಲವಂತ ಮಾಡಿದರೆ ಗೋಡೆ ಹರಿಯುತ್ತದೆ. ಎರಡು ಸಲ ಹೊರಗೆಳೆದು ಮತ್ತೆ ಶುರುಮಾಡಿದರು. ಮೂರನೆಯ ಸಲ ಹೋಯಿತು. ಬಲೂನು ಉಬ್ಬಿದಾಗ ಕೂಸಿನ ನಾಡಿ ಇಳಿಯಿತು, ಇಳಿದು ಮತ್ತೆ ಬಂತು. ಪೇಂಟರ್ ಕೇಳಿದ್ದಕ್ಕೆ ಅಂಥದ್ದೇ ಇನ್ನೊಂದು ಬಲೂನು ತರಿಸಿ ತೋರಿಸಿದರು. ಉಬ್ಬಿದರೆ ಕಡಲೆಬೀಜದಷ್ಟು.

ಸೌಟಮ್ಮ ಡಾಕ್ಟರ ಕೈ ನೋಡಿದಳು. ತನ್ನ ಕೈಗಿಂತ ಚಿಕ್ಕದು, ಉಗುರು ಮೋಟಾಗಿ ಕತ್ತರಿಸಿದ್ದು, ಎಕ್ಸ್‌ರೇ ತಡೆಯುವ ಸೀಸದ ಭಾರದ ಅಂಗಿ ಹೊತ್ತು ಎರಡು ಗಂಟೆ ನಿಂತಿದ್ದರಿಂದ ಬೆರಳುಗಳು ಈಗ ಸಣ್ಣಗೆ ಅದುರುತ್ತಿದ್ದವು. ಒಳಗೆ ಅದುರಿರಲಿಲ್ಲ. ಡಾಕ್ಟ್ರೇ, ಉಳಿದ ಮೊಟ್ಟೆ ತಿಂದ್ರಾ ಎಂದಷ್ಟೇ ಕೇಳಿದಳು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಬಾಗಿಲು ತೆರೆದರೂ ಕೋಣೆಯ ಗೋಡೆ ದಪ್ಪಗಾಗಿ ಬಿಗಿದಿದೆ, ಅದು ಸಡಿಲವಾಗಲು ದಿನ ಬೇಕು, ವಾರವೂ ಬೇಕಾಗಬಹುದು ಎಂದಿದ್ದರು ಡಾಕ್ಟರು. ಅಲ್ಲಿಯವರೆಗೆ ಔಷಧಿಯ ಹನಿ ಬೇಕು, ಪ್ರಮಾಣ ತೀರಾ ಕಡಿಮೆ ಮಾಡಿ, ಉಸಿರಿನ ಮೇಲೆ ಕಣ್ಣಿಟ್ಟು ಕೊಡುತ್ತೇವೆ ಎಂದಿದ್ದರು. ನಾಲ್ಕನೆಯ ದಿನ ಹನಿ ನಿಲ್ಲಿಸಿ ನೋಡಿದರು. ಎಂಬತ್ತೈದಿದ್ದ ಸಂಖ್ಯೆ ಎರಡು ಗಂಟೆಯಲ್ಲಿ ಅರವತ್ತಾರಕ್ಕೆ ಇಳಿಯಿತು. ಮತ್ತೆ ಶುರುಮಾಡಿದರು. ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕದಿದ್ದ ಮೀಟರಮ್ಮ ಅಂದು ಕೈತೊಳೆಯುವ ಜಾಗದಲ್ಲಿ ನಲ್ಲಿ ತಿರುಗಿಸಿ, ಆ ಸದ್ದಿನಲ್ಲಿ ಅತ್ತಳು. ಸೌಟಮ್ಮ ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿ ಪಕ್ಕದಲ್ಲಿ ನಿಂತಳು.

ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಒಂದು ಕೋಣೆ ಸಿಕ್ಕಿತು. ಸೌಟಮ್ಮ ಶಾಲೆಗೆ ರಜೆ ಬರೆದುಕೊಟ್ಟಳು. ಒಂದು ಒಲೆ, ಎರಡು ಪಾತ್ರೆ. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಖಾರವಿಲ್ಲದ ಬೇಳೆ, ಸೊಪ್ಪು, ಅನ್ನ. ಸೊಸೆಗೆ ಹಾಲು ಬರಬೇಕೆಂದು ಒತ್ತಿ ಒತ್ತಿ ಬಡಿಸುತ್ತಿದ್ದಳು. ಸಾಕು ಅತ್ತೆ, ನಾನು ಮುನ್ನೂರು ಜನ ಅಲ್ಲ ಎಂದಳು ಒಂದು ದಿನ ಸೊಸೆ. ಇಬ್ಬರೂ ನಕ್ಕಿದ್ದು ಅದೇ ಮೊದಲು. ಹಾಗೆಂದು ಜಗಳ ನಿಂತಿತು ಎಂದಲ್ಲ. ಒಗೆದ ಬಟ್ಟೆ ಎಲ್ಲಿ ಹರವಬೇಕು, ಅನ್ನಕ್ಕೆ ನೀರೆಷ್ಟು, ಕೂಸಿಗೆ ಟೋಪಿ ಹಾಕಬೇಕೋ ಬೇಡವೋ ಎಂದು ದಿನಕ್ಕೆರಡು ಸಲ ಮಾತಿಗೆ ಮಾತು ಬೆಳೆಯುತ್ತಿತ್ತು. ಆದರೆ ಈಗ ಜೋರಾಗಿ ಆಡಿ ಮುಗಿಸುತ್ತಿದ್ದರು, ಗೋಡೆಗೆ ಸರಿದು ನಿಲ್ಲುತ್ತಿರಲಿಲ್ಲ.

ಸೊಸೆ ದಿನವೂ ಗಾಜಿನ ಬಾಗಿಲ ಒಳಗೆ ಹೋಗಿ ಕೂಸಿನ ಪಕ್ಕದ ಯಂತ್ರ ನೋಡಿ, ಹೊತ್ತು, ಸಂಖ್ಯೆ, ಕುಡಿದ ಹಾಲು, ತೂಕ ಎಲ್ಲವನ್ನೂ ಪುಸ್ತಕದಲ್ಲಿ ಬರೆಯುತ್ತಿದ್ದಳು. ನರ್ಸುಗಳು ಮೊದಮೊದಲು ನಗುತ್ತಿದ್ದರು. ಎರಡನೆಯ ವಾರದಲ್ಲಿ ಅವಳೇ ಪುಸ್ತಕ ತೋರಿಸಿ, ಹಾಲು ಕುಡಿದ ಅರ್ಧ ಗಂಟೆಗೆ ಸಂಖ್ಯೆ ಇಳಿಯುತ್ತಿದೆ, ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಕೊಟ್ಟು ನೋಡೋಣವೇ ಎಂದು ಕೇಳಿದಳು. ಡಾಕ್ಟರು ಪುಟ ತಿರುವಿ ನೋಡಿ, ಹಾಗೇ ಮಾಡಿ ಎಂದರು. ಅಂದಿನಿಂದ ರೌಂಡ್ಸಿಗೆ ಬಂದಾಗಲೆಲ್ಲ ಅವರು ಮೊದಲು ಕೇಳುತ್ತಿದ್ದದ್ದು, ನಿಮ್ಮ ಪುಸ್ತಕ ಏನು ಹೇಳುತ್ತದೆ ಎಂದು. ಇದನ್ನು ಸೌಟಮ್ಮ ಓಣಿಯ ಹಾಲಿನವಳಿಗೆ, ತರಕಾರಿಯವನಿಗೆ, ಪಕ್ಕದ ಕೋಣೆಯವರಿಗೆ ಹೇಳಿದಳು. ಸೊಸೆಗೆ ಮಾತ್ರ ಹೇಳಲಿಲ್ಲ.

ಪೇಂಟರ್ ಕೆಲಸಕ್ಕೆ ಮರಳಿದ್ದ, ಶನಿವಾರ ಬಂದು ಸೋಮವಾರ ಹೋಗುತ್ತಿದ್ದ. ಅಪ್ಪ ಅನ್ನ ಮಾಡಲು ಹೋಗಿ ಪಾತ್ರೆಯ ತಳವನ್ನೇ ಸುಟ್ಟಿದ್ದಾನೆ, ದಿನಾ ಬ್ರೆಡ್ಡು ತಿನ್ನುತ್ತಿದ್ದಾನೆ ಎಂಬ ಸುದ್ದಿ ಅವನಿಂದ ಬರುತ್ತಿತ್ತು. ಡ್ರೈವರ್ ಬರಲಿಲ್ಲ. ಆದರೆ ಒಂದು ದಿನ ಬಿಟ್ಟು ಒಂದು ದಿನ, ಅವನ ಹಳೆಯ ಜೊತೆಗಾರರು ಓಡಿಸುವ ಬಸ್ಸಿನಲ್ಲಿ ಒಗೆದು ಮಡಿಚಿದ ಬಟ್ಟೆಯ ಗಂಟು ಬರುತ್ತಿತ್ತು. ಕೂಸಿನ ಬಟ್ಟೆಗೆ ಇಸ್ತ್ರಿ ಕೂಡ ಹಾಕಿರುತ್ತಿದ್ದ.

ಹದಿನೇಳನೆಯ ದಿನ ಮತ್ತೆ ಹನಿ ನಿಲ್ಲಿಸುತ್ತೇವೆ ಎಂದು ಹೇಳಿದಾಗ ಸೌಟಮ್ಮ ಗಂಡನಿಗೆ ಫೋನು ಮಾಡಿದಳು. ಬನ್ನಿ ಎನ್ನಲಿಲ್ಲ, ನಾಳೆ ಬೆಳಿಗ್ಗೆ ನಿಲ್ಲಿಸುತ್ತಾರಂತೆ ಎಂದಷ್ಟೇ ಹೇಳಿದಳು. ಬೆಳಿಗ್ಗೆ ಒಂಬತ್ತಕ್ಕೆ ಡ್ರೈವರ್ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಕಾರಿಡಾರಿನಲ್ಲಿ ನಿಂತಿದ್ದ. ತೆಳ್ಳಗಾಗಿದ್ದ.

ಎಪ್ಪತ್ತೈದರ ಕೆಳಗಿಳಿಯದೆ ನಿಂತರೆ ಸಾಕು, ದಿನ ಕಳೆದಂತೆ ಏರುತ್ತದೆ ಎಂದರು ಡಾಕ್ಟರು. ಹನಿ ನಿಂತಿತು. ಎಂಬತ್ತೆಂಟು. ಒಂದು ಗಂಟೆ ಕಳೆದಾಗ ಎಂಬತ್ತಮೂರು. ಎರಡನೆಯ ಗಂಟೆಗೆ ಎಪ್ಪತ್ತೊಂಬತ್ತು. ಮೀಟರಮ್ಮ ಹೊರಗೆ ಬಂದು ಹೇಳಿ ಹೋಗುತ್ತಿದ್ದಳು. ಮೂರನೆಯ ಗಂಟೆಗೂ ಎಪ್ಪತ್ತೊಂಬತ್ತು. ನಾಲ್ಕನೆಯ ಗಂಟೆಗೆ ಎಂಬತ್ತು. ಐದನೆಯ ಗಂಟೆಗೆ ಅವಳು ಬಂದು ಸಂಖ್ಯೆ ಹೇಳುವ ಬದಲು, "ಮಾವ, ಒಳಗೆ ಒಬ್ಬರು ಬರಬಹುದಂತೆ. ಕೈ ತೊಳ್ಕೊಂಡು ಬನ್ನಿ," ಎಂದಳು.

ಡ್ರೈವರ್ ಕೈಯನ್ನು ಮೊಣಕೈವರೆಗೆ ಎರಡು ಸಲ ತೊಳೆದ. ಅರ್ಧ ಗಂಟೆ ಒಳಗಿದ್ದ. ಹೊರಬಂದವನು ಬೆಂಚಿನ ಮೇಲೆ ಕೂತು ಸೊಸೆಯ ಪುಸ್ತಕ ಕೇಳಿ ಪಡೆದು, ಮೊದಲ ಪುಟದಿಂದ ಬೆರಳಿಟ್ಟು ಓದತೊಡಗಿದ. ಆ ಅರವತ್ತಾರರ ಪುಟದಲ್ಲಿ ಬಹಳ ಹೊತ್ತು ನಿಂತ. ಪುಸ್ತಕ ಮುಚ್ಚಿ ಕೊಡುವಾಗ ಹೇಳಿದ:

"ನಾನು ಬೇಡ ಅಂದೆ. ನೀನು ಹಾಕಿದೆ. ಒಳ್ಳೇದು ಮಾಡಿದೆಯಮ್ಮ."

ಮೀಟರಮ್ಮ ಕಣ್ಣೊರೆಸಿಕೊಂಡು, "ಮಾವ, ಊಟ ಮಾಡಿದ್ರಾ?" ಎಂದಳು. ಅವನು ಬ್ರೆಡ್ಡು ತಿಂದು ಬಂದಿದ್ದ. ಅವಳೇ ಕೋಣೆಗೆ ಹೋಗಿ ಅನ್ನ ಬಿಸಿ ಮಾಡಿ ತಂದಳು. ಅವನು ತಟ್ಟೆ ಖಾಲಿಯಾಗುವವರೆಗೆ ತಲೆ ಎತ್ತಲಿಲ್ಲ.

ಇಪ್ಪತ್ತಾರನೆಯ ದಿನ ಕೂಸು ಮನೆಗೆ ಬಂತು. ಸಂಖ್ಯೆ ತೊಂಬತ್ತೆರಡಿತ್ತು. ಬೀದಿಯವರೆಲ್ಲ ನೋಡಲು ಬಂದರು. ಎದುರುಮನೆಯಾಕೆ ತೊಟ್ಟಿಲು ಬಗ್ಗಿ ನೋಡಿ, ಬಸುರಿನಲ್ಲಿ ಅಷ್ಟೊಂದು ಅಲೆದಾಟ ಇತ್ತಲ್ಲ, ಅದಕ್ಕೇ ಇರಬೇಕು ಎಂದು ಶುರುಮಾಡಿದಳು. ಸೌಟಮ್ಮ ಅವಳ ಕೈಗೆ ಚಹಾದ ಲೋಟ ಕೊಟ್ಟು, ಪಕ್ಕದಲ್ಲಿ ಕೂತು, ಬಾಗಿಲು, ಮೂರು ರೆಕ್ಕೆ, ಎರಡನೆಯ ತಿಂಗಳು ಎಲ್ಲವನ್ನೂ ಡಾಕ್ಟರು ಹೇಳಿದಂತೆಯೇ ಹೇಳಿದಳು. ಹೇಳಿ ಮುಗಿಸಿ, ಈ ಮಾತು ನನ್ನ ಮನೆಯಲ್ಲಿ ಇನ್ನೊಂದು ಸಲ ಬರಬಾರದು ಎಂದಳು. ಎದುರುಮನೆಯಾಕೆ ಚಹಾ ಅರ್ಧಕ್ಕೇ ಬಿಟ್ಟು ಎದ್ದಳು.

ಮೂರು ತಿಂಗಳಿಗೆ ತೋರಿಸಲು ಹೋದಾಗ ಐವರೂ ಹೋದರು. ಡಾಕ್ಟರು ಜೆಲ್ಲಿ ಹಚ್ಚಿ, ಪರದೆಯ ಮೇಲೆ ಬಾಗಿಲು ತೆರೆದು ಮುಚ್ಚುವುದನ್ನು ತೋರಿಸಿದರು. ಸ್ವಲ್ಪ ಸೋರುತ್ತದೆ, ದೊಡ್ಡವಳಾದ ಮೇಲೆ ಮತ್ತೆ ಏನಾದರೂ ಮಾಡಬೇಕಾಗಬಹುದು, ವರ್ಷಕ್ಕೊಮ್ಮೆ ನೋಡುತ್ತಿರೋಣ ಎಂದರು. ಆಮ್ಲಜನಕ ತೊಂಬತ್ತೇಳು. ಔಷಧಿ ಏನೂ ಬೇಡ. ಓಡಲಿ, ಆಡಲಿ, ಅಳಲಿ ಎಂದರು. ಕೂಸು ಅಷ್ಟರಲ್ಲಿ ಅವರ ಕೊರಳಿನ ಗುರುತಿನ ಚೀಟಿ ಹಿಡಿದು ಬಾಯಿಗೆ ಹಾಕಿಕೊಂಡಿತ್ತು.

ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಒಬ್ಬ ಯುವಕ ಕೂತಿದ್ದ. ಕೈಯಲ್ಲಿ ಹಾಳೆ, ಹಾಳೆಯ ಮೇಲೆ ಪೆನ್ನು. ಪಕ್ಕದಲ್ಲಿ ಅವನ ತಾಯಿಯಿರಬೇಕು, ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಡ್ರೈವರ್ ಅವರನ್ನು ದಾಟಿ ಹೋದ. ನಾಲ್ಕು ಹೆಜ್ಜೆ ಹೋಗಿ ನಿಂತ. ಸೊಸೆಯ ಕಡೆ ತಿರುಗಿ ಕೈ ಚಾಚಿದ. ಅವಳಿಗೆ ಅರ್ಥವಾಗಿ ಕೂಸನ್ನು ಕೊಟ್ಟಳು. ಅವನು ವಾಪಸು ಹೋಗಿ ಆ ಬೆಂಚಿನ ಮೇಲೆ ಯುವಕನ ಪಕ್ಕ ಕೂತ.

ಅಷ್ಟು ದೂರದಿಂದ ಸೌಟಮ್ಮನಿಗೆ ಎಲ್ಲ ಮಾತೂ ಕೇಳಿಸಲಿಲ್ಲ. ಸೈನ್ ಹಾಕು ಎಂದು ಅವನು ಹೇಳಲಿಲ್ಲ, ಅದು ಮಾತ್ರ ಖಚಿತ. ಕೂಸಿನ ಚಡ್ಡಿ ಸ್ವಲ್ಪ ಸರಿಸಿ ತೊಡೆಯ ಮೇಲೆ ಸಾಸಿವೆ ಕಾಳಿನಷ್ಟಿದ್ದ ಗುರುತು ತೋರಿಸಿದ. ನಾನು ಬೇಡ ಅಂದವನು ಎಂದು ಹೇಳಿಕೊಂಡ. ಅವರ ಮೊದಲ ಕೂಸಿನ ಸುದ್ದಿಯನ್ನೂ ಹೇಳಿದನೋ ಏನೋ, ಯುವಕನ ತಾಯಿ ಸೆರಗು ತೆಗೆದು ಅವನ ಮುಖವನ್ನೇ ನೋಡುತ್ತಿದ್ದಳು.

ಯುವಕ ಏನೋ ಕೇಳಿದ.

"ಒಳಗೆ ಎರಡು ಗಂಟೆ," ಎಂದ ಡ್ರೈವರ್. "ಹೊರಗೆ ಕೂತವರಿಗೆ ಜಾಸ್ತಿ ಆಗುತ್ತೆ. ನಾನು ಅವತ್ತು ಕೂರಲಿಲ್ಲ, ಎದ್ದು ಹೋದೆ. ನೀವು ಒಬ್ಬರೇ ಕೂರಬೇಡಿ. ನಾವು ಇರ್ತೀವಿ."

ಪೇಂಟರ್ ಗಡಿಯಾರ ನೋಡಿ, ಮೂರರ ಬಸ್ಸು ತಪ್ಪುತ್ತದಲ್ಲ ಎಂದು ಪಿಸುಗುಟ್ಟಿದ. ತಪ್ಪಲಿ ಎಂದಳು ಮೀಟರಮ್ಮ. ಸೌಟಮ್ಮ ಆಗಲೇ ಚೀಲದಿಂದ ಡಬ್ಬಿ ತೆಗೆದು, ಆ ಬೆಂಚಿನ ಕಡೆ ನಡೆಯುತ್ತಿದ್ದಳು. ಎಷ್ಟು ಜನ ಇದ್ದಾರೆ ಎಂದು ಎಣಿಸಿಕೊಂಡು, ಅನ್ನವನ್ನು ಆರು ಪಾಲು ಮಾಡಲು ಶುರುಮಾಡಿದಳು.